ಪಡಸಾಲೆಯ ಮಾತು: ಮೊಣಕಾಲು ಕಲಿಸಿದ ಪಾಠ

ಕಳೆದ ಎರಡು ತಿಂಗಳು ಈ ಪುಟವು ವಾಚಕರ ಕೈಗೆ ಬರಲಿಲ್ಲ. ಸಂಪಾದಕರು ದೊಡ್ಡ ಮನಸ್ಸಿನಿಂದ ನಮ್ಮ ಸ್ಥಳವನ್ನು ಕಾದಿರಿಸಿದರು. ಆದರೆ ಕೆಲವು ಜನ ವಾಚಕರು ಬೈಲಹೊಂಗಲದ ನಮ್ಮ ಮನೆಗೆ ಕಾಗದ ಬರೆದು, "ಮಾಸ್ತರರೆ, ಈ ಮೌನವೇಕೆ?" ಎಂದು ಕೇಳಿರುವರು. ಅವರಿಗೆಲ್ಲ ಬೇರೆ ಬೇರೆ ಉತ್ತರ ಬರೆಯುವದು ಸಾಧ್ಯವಿಲ್ಲದ್ದರಿಂದ ಇಲ್ಲಿಯೇ ಒಟ್ಟಾಗಿ ಉತ್ತರವನ್ನು ಒಪ್ಪಿಸುತ್ತೇವೆ. ನಮ್ಮ ಬಲಮೊಣಕಾಲಿಗೆ ಶಸ್ತ್ರಕ್ರಿಯೆಯಾಯಿತು. ಸವೆದು ಹೋದ ಸಂಧಿಯ ಸ್ಥಳದಲ್ಲಿ ಲೋಹದ ಸಂಧಿಯನ್ನು ಕೂಡಿಸಿದರು. ಅದಾಗಿ ಇಂದಿಗೆ ಒಂಬತ್ತು ವಾರಗಳಾದವು.

ರೋಗದ ಕಥೆಯನ್ನು ಹೇಳಿ ವಾಚಕರನ್ನು ಬೇಸರಗೊಳಿಸುವದು ನಮ್ಮ ಉದ್ದೇಶವಲ್ಲ. ಆದರೆ ಈ ಒಂಬತ್ತು ವಾರಗಳಲ್ಲಿ ನಮಗೆ ತಿಳಿದುಬಂದ ಒಂದು ಸಂಗತಿಯು ಪ್ರತಿಯೊಂದು ಮನೆಯವರಿಗೂ ಬೇಕಾದದ್ದು. ಶಸ್ತ್ರವೈದ್ಯನ ಕೆಲಸವು ಒಂದೆರಡು ತಾಸುಗಳಲ್ಲಿ ಮುಗಿದುಹೋಗುತ್ತದೆ. ಆ ಕಾಲು ಮುಂದೆ ನಡೆಯುವದೋ, ಇಲ್ಲವೆ ಮರದ ಕೊರಡಿನಂತೆ ಬಿಗಿದು ನಿಲ್ಲುವದೋ ಎಂಬದು ಬಹುಮಟ್ಟಿಗೆ ಮುಂದಿನ ಕೆಲವು ವಾರಗಳಲ್ಲಿ, ಮನೆಯೊಳಗೆ ನಿಶ್ಚಯವಾಗುತ್ತದೆ. ಆ ವಾರಗಳಲ್ಲಿ ನಾವು ಒಂದು ತಪ್ಪು ಮಾಡಿದೆವು. ನಮ್ಮ ಮನೆಯವರು ಪ್ರೀತಿಯಿಂದ ಇನ್ನೊಂದು ತಪ್ಪು ಮಾಡಿದರು. ಎರಡನ್ನೂ ಇದ್ದಂತೆ ಬರೆಯುತ್ತೇವೆ.

ಮೊಣಕಾಲಿನ ನೋವು ನಮಗೆ ಹೊಸದಾಗಿರಲಿಲ್ಲ. ರಾಮದುರ್ಗದಲ್ಲಿ ಮೊದಲ ನೌಕರಿ, ಬಳಿಕ ಸವದತ್ತಿ, ಆಮೇಲೆ ಕಿತ್ತೂರು, ಕೊನೆಗೆ ಬೈಲಹೊಂಗಲ. ಹೀಗೆ ಮೂವತ್ತುಮೂರು ವರ್ಷ ಹುಡುಗರಿಗೆ ಸಂಸ್ಕೃತವನ್ನು ಕಲಿಸಿದ್ದಾಯಿತು. ಕಿತ್ತೂರಿನಲ್ಲಿದ್ದಾಗ ಪ್ರತಿ ವರ್ಷ ಹುಡುಗರನ್ನು ಕೋಟೆಗೆ ಕರೆದೊಯ್ದು, 1824ರ ಅಕ್ಟೋಬರ 23ರಂದು ಥ್ಯಾಕರೆಯು ರಣದಲ್ಲಿ ಬಿದ್ದ ಕಥೆಯನ್ನು ಆ ಹಾಳುಗೋಡೆಗಳ ನಡುವೆ ನಿಂತೇ ಹೇಳುತ್ತಿದ್ದೆವು. ಮೊದಮೊದಲು ಎಷ್ಟು ಹೊತ್ತು ನಿಂತರೂ ಕಾಲು ಮಾತಾಡುತ್ತಿರಲಿಲ್ಲ. ಐವತ್ತು ದಾಟಿದ ಮೇಲೆ ಅಂಥ ದಿನದ ಸಂಜೆ ಮೊಣಕಾಲು ಬಾಯತೊಡಗಿತು. ನಿವೃತ್ತಿಯ ವರ್ಷ ಭಾರತಹುಣ್ಣಿವೆಗೆ ಎಲ್ಲಮ್ಮನ ಗುಡ್ಡಕ್ಕೆ ಹೋದಾಗ ಮೆಟ್ಟಿಲುಗಳ ಹತ್ತಿರ ಬಂದು ನಿಂತುಬಿಟ್ಟೆವು. ಮನೆಯವರು ಗುಡಿಗೆ ಹೋಗಿ ಬಂದರು. ನಾವು ಹೊರಗೆ ಒಂದು ಕಲ್ಲಿನ ಮೇಲೆ ಕುಳಿತು "ಉಧೋ ಉಧೋ" ಎಂಬ ಘೋಷವನ್ನು ಕೇಳಿದೆವು. ನಮ್ಮೆದುರಿಗೇ ಒಬ್ಬ ಮುದುಕಿಯು ನೆಲಕ್ಕೆ ಮೈಚಾಚಿ ದೀಡ ನಮಸ್ಕಾರ ಹಾಕುತ್ತ ಮುಂದೆ ಸಾಗಿದಳು. ನಮಗಿಂತ ಹತ್ತು ವರ್ಷವಾದರೂ ಹಿರಿಯಳಿರಬೇಕು. ಅಂದು ನಮಗೆ ಬಂದ ನಾಚಿಕೆಯನ್ನು ಯಾರಿಗೂ ಹೇಳಲಿಲ್ಲ.

ಸಂಸ್ಕೃತ ಓದಿದವರಿಗೆ ಒಂದು ದುರ್ಗುಣವಿದೆ. ರೋಗದ ಹೆಸರು ಗ್ರಂಥದಲ್ಲಿ ಸಿಕ್ಕರೆ ಅರ್ಧ ಗುಣವಾದಷ್ಟು ಸಮಾಧಾನವಾಗುತ್ತದೆ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ವಾತವ್ಯಾಧಿಗಳನ್ನು ಹೇಳುವ ಅಧ್ಯಾಯದೊಳಗೆ ಸಂಧಿಗತವಾತದ ವರ್ಣನೆಯಿದೆ. ಗಾಳಿ ತುಂಬಿದ ತೊಗಲಚೀಲವನ್ನು ಮುಟ್ಟಿದಂತಹ ಬಾವು, ಚಾಚುವಾಗಲೂ ಮಡಚುವಾಗಲೂ ನೋವು. ನಮ್ಮ ಕಾಲನ್ನು ನೋಡಿಯೇ ಬರೆದಂತಿತ್ತು. ಪುಸ್ತಕವನ್ನು ಮುಚ್ಚಿ ಸಂತೋಷಪಟ್ಟೆವೇ ಹೊರತು ವೈದ್ಯರ ಕಡೆಗೆ ಹೋಗಲಿಲ್ಲ. ಹೀಗೆ ನಾಲ್ಕು ವರ್ಷ ಕಳೆದವು. ಕಾಲು ಒಳಗಡೆಗೆ ಬಾಗಿ ಬಿಲ್ಲಿನಂತಾಯಿತು.

ನಿಜ ಹೇಳುವದಾದರೆ ನಮ್ಮನ್ನು ತಡೆದದ್ದು ಭಯ. ಕಾಲನ್ನೇ ಕೊಯ್ದು ಬೇರೆ ಕಾಲು ಹಚ್ಚುವರೆಂದು ಊರಲ್ಲಿ ಅನೇಕರು ತಿಳಿದಿರುವರು. ಹಾಗಿಲ್ಲ. ತೊಡೆಯೆಲುಬಿನ ಕೆಳತುದಿ ಮತ್ತು ಕೆಳಗಾಲಿನ ಎಲುಬಿನ ಮೇಲ್ತುದಿ, ಇವುಗಳ ಸವೆದ ಮೈಯನ್ನು ಮಾತ್ರ ತೆಳ್ಳಗೆ ಕತ್ತರಿಸಿ ತೆಗೆಯುತ್ತಾರೆ. ಮೇಲಿನ ತುದಿಗೆ ಲೋಹದ ಟೊಪ್ಪಿಗೆ, ಕೆಳಗಿನ ತುದಿಗೆ ಲೋಹದ ಮಣೆ, ನಡುವೆ ಗಟ್ಟಿಯಾದ ಪ್ಲಾಸ್ಟಿಕ್ಕಿನ ಮೆತ್ತೆ. ಸುತ್ತಲಿನ ಸ್ನಾಯು, ಚರ್ಮ, ನರಗಳೆಲ್ಲ ನಮ್ಮವೇ. 1890ರಲ್ಲಿ ಬರ್ಲಿನ್ನಿನ ಗ್ಲುಕ್ ಎಂಬ ಶಸ್ತ್ರವೈದ್ಯನು ಆನೆಯ ದಂತದಿಂದ ಮೊಣಕಾಲಿನ ಸಂಧಿಯನ್ನು ಮಾಡಿ ಕೂಡಿಸಿದ್ದನು. ಅಂಥ ಪ್ರಯೋಗಗಳು ಬಹುಕಾಲ ನಿಲ್ಲಲಿಲ್ಲ. ಇಂದಿನ ಸಂಧಿಗಳಿಗೆ ಮಾದರಿಯಾದ ರೂಪವು 1974ರಲ್ಲಿ ನ್ಯೂಯಾರ್ಕಿನಲ್ಲಿ ಬಳಕೆಗೆ ಬಂದಿತು. ಅದನ್ನು ರೂಪಿಸಿದವರಲ್ಲಿ ನಮ್ಮ ದೇಶದ ಚಿತ್ತರಂಜನ ರಾಣಾವತರೂ ಒಬ್ಬರು. ಪ್ರಧಾನಿಗಳಾಗಿದ್ದ ಅಟಲಬಿಹಾರಿ ವಾಜಪೇಯಿಯವರ ಎಡಮೊಣಕಾಲಿಗೆ 2000ನೆಯ ಇಸವಿಯ ಅಕ್ಟೋಬರದಲ್ಲಿ, ಬಲಮೊಣಕಾಲಿಗೆ 2001ರ ಜೂನದಲ್ಲಿ ಮುಂಬಯಿಯಲ್ಲಿ ಶಸ್ತ್ರಕ್ರಿಯೆ ಮಾಡಿದವರು ಇದೇ ರಾಣಾವತರು. ದೇಶವನ್ನಾಳುವವರು ಈ ಕೆಲಸಕ್ಕೆ ಕಾಲು ಕೊಟ್ಟರೆಂದು ಕೇಳಿ ಅಂದು ಅನೇಕರಿಗೆ ಧೈರ್ಯ ಬಂದಿತು.

ಇನ್ನು ಹಣದ ಮಾತು. ಈ ಲೋಹದ ಸಂಧಿಯ ಬೆಲೆಯೇ ಮೊದಲು ಸರಾಸರಿ ಒಂದೂವರೆ ಲಕ್ಷ ರೂಪಾಯಿಗೆ ಮಿಕ್ಕಿತ್ತು. 2017ರ ಆಗಸ್ಟದಲ್ಲಿ ಕೇಂದ್ರ ಸರಕಾರವು ಅದಕ್ಕೆ ಮಿತಿಯನ್ನು ಹಾಕಿತು; ಸಾಮಾನ್ಯವಾಗಿ ಬಳಸುವ ಕೋಬಾಲ್ಟ-ಕ್ರೋಮಿಯಂ ಸಂಧಿಗೆ ತೆರಿಗೆಯ ಹೊರತಾಗಿ 54,720 ರೂಪಾಯಿ ಎಂದು ಗೊತ್ತುಪಡಿಸಿತು. ಬಾಳಿಕೆಯ ವಿಷಯದಲ್ಲಿ ಹೇಳುವದಾದರೆ, ಹಲವು ದೇಶಗಳ ದಾಖಲೆಗಳನ್ನು ಕೂಡಿಸಿ 2019ರಲ್ಲಿ ಪ್ರಕಟವಾದ ಲೆಕ್ಕದಂತೆ ಇಂಥ ಸಂಧಿಗಳಲ್ಲಿ ಶೇಕಡಾ 82ರಷ್ಟು ಇಪ್ಪತ್ತೈದು ವರ್ಷ ನಿಲ್ಲುತ್ತವೆ. ಅರುವತ್ತೊಂದರ ನಮಗೆ ಅಷ್ಟು ಸಾಕೆಂದು ಲೆಕ್ಕ ಹಾಕಿದೆವು. ಕಡೆಗೆ ಮಗನ ಒತ್ತಾಯಕ್ಕೆ ಒಪ್ಪಿ ಬೆಳಗಾವಿಯ ದವಾಖಾನೆಯನ್ನು ಸೇರಿದೆವು.

ಶಸ್ತ್ರಕ್ರಿಯೆಯ ಮರುದಿನವೇ ನಮ್ಮನ್ನು ಎಬ್ಬಿಸಿ ನಿಲ್ಲಿಸಿದರು. ನಾಲ್ಕು ಕಾಲಿನ ಆಸರೆ, ಅದಕ್ಕೆ ವಾಕರ್ ಎನ್ನುವರು, ಅದನ್ನು ಹಿಡಿದು ನಾಲ್ಕು ಹೆಜ್ಜೆ ಇಟ್ಟೆವು. ಐದನೆಯ ದಿನ ಮನೆಗೆ ಕಳಿಸಿದರು. ಹೊರಡುವಾಗ ಅಲ್ಲಿಯ ವ್ಯಾಯಾಮ ಚಿಕಿತ್ಸೆಯ ತರುಣಿಯು ಒಂದು ಹಾಳೆಯಲ್ಲಿ ಮನೆಯಲ್ಲಿ ಮಾಡಬೇಕಾದ ಚಲನೆಗಳನ್ನು ಬರೆದು ಕೊಟ್ಟಳು. ಹಾದಿಯಲ್ಲಿ ಅದನ್ನು ಓದುತ್ತಿದ್ದಂತೆ ನಮಗೆ ನಗೆ ಬಂದಿತು. ಅನ್ನಂಭಟ್ಟನ ತರ್ಕಸಂಗ್ರಹವನ್ನು ನಾವು ಎಷ್ಟೋ ಜನಕ್ಕೆ ಪಾಠ ಹೇಳಿದ್ದೇವೆ. ಅದರಲ್ಲಿ ಕರ್ಮವೆಂದರೆ ಚಲನೆ, ಅದು ಐದು ಬಗೆ ಎಂದಿದೆ: ಮೇಲಕ್ಕೆತ್ತುವ ಉತ್ಕ್ಷೇಪಣ, ಕೆಳಗಿಳಿಸುವ ಅಪಕ್ಷೇಪಣ, ಮಡಚುವ ಆಕುಂಚನ, ಚಾಚುವ ಪ್ರಸಾರಣ, ನಡೆಯುವ ಗಮನ. ಆ ಹಾಳೆಯಲ್ಲಿದ್ದವೂ ಇವೇ. ಕಾಲನ್ನು ನೇರವಾಗಿಟ್ಟು ಮೇಲಕ್ಕೆತ್ತುವದು, ಮೆಲ್ಲಗೆ ಇಳಿಸುವದು, ಹಿಮ್ಮಡವನ್ನು ಜಾರಿಸುತ್ತ ಮೊಣಕಾಲು ಮಡಚುವದು, ತೊಡೆಯ ಸ್ನಾಯುವನ್ನು ಬಿಗಿದು ಚಾಚುವದು, ಆಸರೆ ಹಿಡಿದು ನಡೆಯುವದು. ದಿನಕ್ಕೆ ಮೂರು ಸಲ, ಒಂದೊಂದನ್ನು ಹತ್ತು ಬಾರಿ. ಜೊತೆಗೆ ಎಚ್ಚರವಿರುವ ಪ್ರತಿ ತಾಸಿಗೊಮ್ಮೆ ಪಾದವನ್ನು ಮೇಲೆ ಕೆಳಗೆ ಆಡಿಸುವದು. ಮಲಗಿದ ಕಾಲಿನಲ್ಲಿ ನೆತ್ತರು ಹೆಪ್ಪುಗಟ್ಟದಿರಲೆಂದು ಇದು. "ಇದೇನು, ನಮಗೆ ಬಾಯಿಪಾಠವಾದದ್ದೇ" ಎಂದೆವು. ಬಾಯಿಪಾಠವು ಕಾಲಿಗೆ ಬಾರದೆಂಬದು ಮುಂದೆ ತಿಳಿಯಿತು.

ಮನೆಗೆ ಬಂದಾಗ ಪಡಸಾಲೆಯಲ್ಲಿ ಮಂಚ ಹಾಕಿ, ಕಿಟಕಿಗಳನ್ನು ಮುಚ್ಚಿ, ಬಾಣಂತಿಯ ಕೋಣೆಯಂತೆ ಸಿದ್ಧಪಡಿಸಿದ್ದರು. ನೋಡಹೋಗಲು ಬಂದವರೂ ಹಾಗೆಯೇ ಭಾವಿಸಿದರು. ಒಬ್ಬರು ಅಂಟಿನ ಉಂಡಿ ತಂದರು. ಇನ್ನೊಬ್ಬರು ಕೊಬ್ಬರಿ-ಬೆಲ್ಲ ತಂದರು. ಗಾಯದ ಮೇಲೆ ಎಣ್ಣೆ ಹಚ್ಚಿ ತಿಕ್ಕಬೇಕೆಂದು ಒಬ್ಬರ ಮತ. ಮೂರು ತಿಂಗಳು ಕಾಲು ಅಲುಗಿಸಲೇಬಾರದೆಂದು ಮತ್ತೊಬ್ಬರ ಮತ. ಎಣ್ಣೆಯನ್ನು ಮಾತ್ರ ಸೊಸೆಯು ಕಟ್ಟುನಿಟ್ಟಾಗಿ ನಿಷೇಧಿಸಿದಳು. ಅದು ಸರಿಯಾದದ್ದು, ಹಸಿಗಾಯಕ್ಕೆ ಎಣ್ಣೆ ಹಚ್ಚುವದು, ತಿಕ್ಕುವದು ಅಪಾಯ. ಆದರೆ ಅಲುಗಿಸಬಾರದೆಂಬ ಮತವು ನಮ್ಮ ಗೃಹಿಣಿಯ ಮನಸ್ಸಿಗೆ ಹತ್ತಿತು. ನಾವು ನೀರು ಕೇಳುವ ಮೊದಲೇ ತಂಬಿಗೆ ಬಾಯಿಗೆ ಬರುತ್ತಿತ್ತು. ನೋವಾಗದಿರಲೆಂದು ಅವರು ಒಂದು ದಿಂಬನ್ನು ಮೊಣಕಾಲ ಕೆಳಗೆ ಇಟ್ಟರು. ನಮ್ಮ ಸೀಮೆಯ ಹತ್ತಿಯನ್ನು ತುಂಬಿ ಅವರೇ ಹೊಲಿದ ದಿಂಬು. ಅದರ ಮೇಲೆ ಕಾಲು ತುಸು ಮಡಚಿ ನಿಂತರೆ ಎಷ್ಟು ಹಿತವೆನ್ನಿಸುತ್ತಿತ್ತೆಂದು ಹೇಳಲಾರೆವು. ಹಗಲೂ ರಾತ್ರಿಯೂ ಅದು ಅಲ್ಲಿಯೇ ಇರುತ್ತಿತ್ತು.

ನಮ್ಮ ಒಂಬತ್ತು ವರ್ಷದ ಮೊಮ್ಮಗಳು ಒಂದು ವಹಿಯಲ್ಲಿ ಗೆರೆ ಹಾಕಿ ಐದು ಕರ್ಮಗಳ ಹೆಸರನ್ನು ಬರೆದು, ಮಾಡಿದಾಗಲೆಲ್ಲ ಸಂಖ್ಯೆ ತುಂಬಬೇಕೆಂದು ನಮ್ಮ ತಲೆಯ ಹತ್ತಿರ ಇಟ್ಟಳು. ಮೊದಲ ವಾರ ಸಂಖ್ಯೆಗಳು ನಿಜವಾಗಿದ್ದವು. ಎರಡನೆಯ ವಾರದಲ್ಲಿ ಆಕುಂಚನದ ಹೊತ್ತಿಗೆ ಆಗುವ ನೋವನ್ನು ನೆನೆದೇ ಮೈ ಬೆವರತೊಡಗಿತು. ಕಾಲೊಳಗೆ ಯಾರೋ ಹಸಿಬಿದಿರನ್ನು ಬಾಗಿಸಿದಂತೆ ಅನ್ನಿಸುತ್ತಿತ್ತು. ಮೂರು ಬಾರಿ ಮಡಚಿ ಹತ್ತು ಎಂದು ಬರೆದೆವು. ಆಮೇಲೆ ಒಂದು ಬಾರಿಯೂ ಮಡಚದೆ ಹತ್ತು ಎಂದು ಬರೆದೆವು. ಮೂವತ್ತುಮೂರು ವರ್ಷ ಹುಡುಗರ ಮನೆಪಾಠದ ವಹಿಗಳನ್ನು ತಿದ್ದಿದವರು ನಾವು. ಯಾವ ಹುಡುಗನು ಬರೆಯದೆ ಬರೆದೆನೆನ್ನುವನೋ ಅವನನ್ನು ಮುಖ ನೋಡಿಯೇ ಹಿಡಿಯುತ್ತಿದ್ದೆವು. ಹಿಡಿದು ಮೊಣಕಾಲೂರಿ ನಿಲ್ಲಿಸುತ್ತಿದ್ದೆವು. ಅದೇ ನಾವು ಮೊಮ್ಮಗಳ ವಹಿಯಲ್ಲಿ ಸುಳ್ಳು ಸಂಖ್ಯೆ ತುಂಬಿದೆವು. ಒಂದು ದಿನ ಅವಳು ವಹಿಯನ್ನು ನೋಡಿ, "ಅಜ್ಜಾ, ಹತ್ತು ಅಂತ ಬರದೀಯಲ್ಲ, ನೀ ಆವಾಗ ಮಲಗಿದ್ದಿ" ಎಂದಳು. "ನೀನು ಶಾಲೆಗೆ ಹೋದಾಗ ಮಾಡಿದ್ದು" ಎಂದು ಮತ್ತೊಂದು ಸುಳ್ಳು ಹೇಳಿದೆವು. ಅವಳು ಒಪ್ಪಿಕೊಂಡಳು. ಅದೇ ನಮಗೆ ಹೆಚ್ಚು ಚುಚ್ಚಿತು.

ಹದಿನಾಲ್ಕನೆಯ ದಿನ ಹೊಲಿಗೆಗಳನ್ನು ಬಿಚ್ಚಿದರು. ಗಾಯವು ಚೆನ್ನಾಗಿ ಮಾಗಿತ್ತು, ಎಲ್ಲರೂ ಹರ್ಷಪಟ್ಟರು. ಮೂರು ವಾರವಾದ ಮೇಲೆ ಪುನಃ ಬೆಳಗಾವಿಗೆ ಹೋದೆವು. ಡಾಕ್ಟರರು ಕೋನಮಾಪಕವನ್ನು ಮೊಣಕಾಲಿಗೆ ಹಿಡಿದರು. ಕಾಲು ನೇರವಿದ್ದರೆ ಸೊನ್ನೆ. ಕುರ್ಚಿಯಲ್ಲಿ ಪಾದವೂರಿ ಸರಿಯಾಗಿ ಕುಳಿತವನ ಮೊಣಕಾಲು ಸುಮಾರು 90 ಅಂಶ. ಸಮನೆಲದಲ್ಲಿ ನಡೆಯುವದಕ್ಕೇ 65ರಿಂದ 70 ಅಂಶ ಬೇಕು. ಮೆಟ್ಟಿಲು ಏರಿಳಿಯಲು 90ರ ಹತ್ತಿರ ಬೇಕು. ತಗ್ಗು ಕುರ್ಚಿಯಿಂದ ಏಳಲು ಅದಕ್ಕೂ ಹೆಚ್ಚು. ನಮ್ಮ ಕಾಲು 65ಕ್ಕೆ ನಿಂತಿತು. ಚಾಚುವಲ್ಲಿಯೂ 10 ಅಂಶದ ಕೊರತೆ. ಮಂಚದ ಮೇಲೆ ಚಾಚಿದ ಕಾಲಿನ ಕೆಳಗೆ ಕೈ ತೂರಿಸುವಷ್ಟು ಸಂದು.

ಸೊಸೆಯು ವಹಿಯನ್ನು ತೋರಿಸಿ, ದಿನಕ್ಕೆ ಮೂರು ಸಲವೂ ಬರೆದಿದೆಯಲ್ಲ ಎಂದಳು. ಡಾಕ್ಟರರು ವಹಿಯನ್ನು ತಿರುವಿ ನೋಡಿ, ನಮ್ಮ ಮುಖವನ್ನೂ ನೋಡಿ, "ವಹಿ ಚೆನ್ನಾಗಿದೆ" ಎಂದಷ್ಟೇ ಹೇಳಿದರು. ಬಳಿಕ, ಮಲಗುವಾಗ ಮೊಣಕಾಲ ಕೆಳಗೆ ಏನಾದರೂ ಇಡುವಿರಾ ಎಂದು ಕೇಳಿದರು. ನಮ್ಮ ಗೃಹಿಣಿಯು ಸಂತೋಷದಿಂದ, "ಮೆತ್ತಗಿಂದು ದಿಂಬು ಇಡತೀನ್ರಿ, ಒಂದು ದಿನಾನೂ ತಪ್ಪಿಸಿಲ್ಲ" ಎಂದರು. ಆಗ ಡಾಕ್ಟರರು ಶಾಂತವಾಗಿ ತಿಳಿಸಿ ಹೇಳಿದರು. ಗಾಯ ಮಾಗುವಾಗ ಸಂಧಿಯ ಸುತ್ತ ಹೊಸ ನಾರು ಬೆಳೆಯುತ್ತದೆ. ಕಾಲು ಯಾವ ಸ್ಥಿತಿಯಲ್ಲಿ ಹೆಚ್ಚು ಹೊತ್ತು ಇರುವದೋ ಆ ಸ್ಥಿತಿಗೇ ಅದು ಬಿಗಿಯುತ್ತದೆ. ದಿಂಬಿನ ಮೇಲೆ ಅರೆಮಡಚಿ ಇಟ್ಟ ಕಾಲು ಅರೆಮಡಚಿಯೇ ನಿಲ್ಲುತ್ತದೆ. ಮಡಚದ ಕಾಲು ಮಡಚಲಾರದಾಗುತ್ತದೆ. ಇನ್ನು ಮೂರು ನಾಲ್ಕು ವಾರಗಳಲ್ಲಿ 90 ಅಂಶ ಬಾರದಿದ್ದರೆ ಮತ್ತೆ ಮೈಮರೆಸುವ ಮದ್ದು ಕೊಟ್ಟು ಕಾಲನ್ನು ಬಲವಂತವಾಗಿ ಮಡಚಬೇಕಾದೀತು. ಅದೂ ಎಲ್ಲ ಸಲ ಫಲಿಸುವದೆಂಬ ಭರವಸೆ ಇಲ್ಲ.

ಬೆಳಗಾವಿಯಿಂದ ಬೈಲಹೊಂಗಲಕ್ಕೆ ಬರುವ ಹಾದಿಯಲ್ಲಿ ಯಾರೂ ಮಾತಾಡಲಿಲ್ಲ. ರಾತ್ರಿ ಊಟವಾದ ಮೇಲೆ ಮಗ, ಸೊಸೆ, ಮೊಮ್ಮಗಳು, ಗೃಹಿಣಿ ಎಲ್ಲರನ್ನೂ ಕರೆದು ವಹಿಯೊಳಗಿನದು ಸುಳ್ಳೆಂದು ಒಪ್ಪಿಕೊಂಡೆವು. ಮಗನು ಸಿಟ್ಟಾದನು. ಮೊಮ್ಮಗಳು ನಮ್ಮನ್ನೇ ನೋಡುತ್ತ ನಿಂತಳು. ಅವಳ ಕಣ್ಣನ್ನು ಎದುರಿಸುವದು ಕಷ್ಟವಾಯಿತು. ಗೃಹಿಣಿಯು ಏನೂ ಅನ್ನಲಿಲ್ಲ. ಅವರು ದಿಂಬನ್ನು ತೆಗೆದುಕೊಂಡು ಹೋಗಿ ಕಪಾಟಿನಲ್ಲಿಟ್ಟು ಬಾಗಿಲು ಹಾಕಿದರು. ತಿರುಗಿ ಬಂದಾಗ ಅವರ ಕಣ್ಣು ಒದ್ದೆಯಾಗಿತ್ತು. ಒಂದು ಟವಲನ್ನು ಸುರುಳಿ ಸುತ್ತಿ ಡಾಕ್ಟರರು ಹೇಳಿದಂತೆ ನಮ್ಮ ಹಿಮ್ಮಡದ ಕೆಳಗೆ ಇಟ್ಟರು. ಮೊಣಕಾಲು ತನ್ನ ಭಾರದಿಂದಲೇ ಕೆಳಗೆ ಇಳಿಯತೊಡಗಿತು. ಹತ್ತು ನಿಮಿಷಕ್ಕೇ ನಾವು ನರಳಿದೆವು. ಅವರು ಮಂಚದ ಕಟ್ಟನ್ನು ಹಿಡಿದು ನಿಂತರು. ಟವಲನ್ನು ಮಾತ್ರ ತೆಗೆಯಲಿಲ್ಲ. ಮೂವತ್ತಾರು ವರ್ಷಗಳ ಸಂಸಾರದಲ್ಲಿ ಅವರು ನಮಗೆ ಮಾಡಿದ ಅತ್ಯಂತ ಕಠಿಣವಾದ ಉಪಕಾರವಿದು.

ಮರುದಿನದಿಂದ ಮನೆಯ ಕ್ರಮವೇ ಬದಲಾಯಿತು. ಕಿಟಕಿಗಳನ್ನು ತೆರೆದರು. ಡಾಕ್ಟರರು ಹೇಳಿದಂತೆ ನೋವಿನ ಗುಳಿಗೆಯನ್ನು ವ್ಯಾಯಾಮಕ್ಕೆ ಅರ್ಧ ತಾಸು ಮೊದಲು ಕೊಡುವದು. ವ್ಯಾಯಾಮ ಮುಗಿದ ಮೇಲೆ ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಹದಿನೈದು ಇಪ್ಪತ್ತು ನಿಮಿಷ ಇಡುವದು. ನಾವು ಮೊದಲು ಗುಳಿಗೆಯನ್ನು ಶೌರ್ಯದಿಂದ ತಪ್ಪಿಸುತ್ತಿದ್ದೆವು. ನೋವಿಗೆ ಹೆದರಿ ವ್ಯಾಯಾಮ ಬಿಡುವವನು ಗುಳಿಗೆ ಬಿಡುವದು ಶೌರ್ಯವಲ್ಲ, ಅವಿವೇಕ. ನೀರಿನ ತಂಬಿಗೆಯನ್ನು ಅಡಿಗೆಮನೆಯ ಕಟ್ಟೆಯ ಮೇಲೆ ಇಟ್ಟರು; ಬೇಕಾದರೆ ಎದ್ದು ಆಸರೆ ಹಿಡಿದು ಅಲ್ಲಿಗೇ ಹೋಗಿ ಕುಡಿಯಬೇಕು. ಸಂಜೆ ಶಾಲೆಯಿಂದ ಬಂದ ಮೇಲೆ ಮೊಮ್ಮಗಳು ವಹಿ ಹಿಡಿದು ಕುರ್ಚಿಯಲ್ಲಿ ಕೂಡುವಳು. ಸಂಖ್ಯೆಯನ್ನು ಇನ್ನು ಅವಳೇ ಬರೆಯುವದೆಂದು ನಿಯಮವಾಯಿತು. "ಅಜ್ಜಾ, ಇದು ಆರನೇದು, ಏಳನೇದಲ್ಲ" ಎಂದು ಅವಳು ತಿದ್ದುವಾಗ ನಾವು ಒಮ್ಮೆಯೂ ವಾದ ಮಾಡಲಿಲ್ಲ.

ಹಗಲಿಗಿಂತ ರಾತ್ರಿ ಹೆಚ್ಚು ಕಠಿಣವಾಗಿತ್ತು. ಹೊಸ ಮೊಣಕಾಲು ಬೆಚ್ಚಗಿರುತ್ತದೆ, ಬಾತಿರುತ್ತದೆ. ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ಊಟ ರುಚಿಸದು, ಮಲಬದ್ಧತೆ, ಕಾರಣವಿಲ್ಲದೆ ಕಣ್ಣೀರು. ಗಾಯದ ಪಕ್ಕದ ಚರ್ಮವು ಜೋಮುಹಿಡಿದಂತೆ ಇರುವದನ್ನು ಕಂಡು ಹೆದರಿದೆವು. ಇವೆಲ್ಲ ಸಾಮಾನ್ಯವಾದವು, ತಿಂಗಳುಗಳ ಮೇಲೆ ಇಳಿಯುವವೆಂದು ಡಾಕ್ಟರರು ಹೇಳಿದರೆಂದು ಇಲ್ಲಿ ಬರೆಯುತ್ತೇವೆ. ಇಂಥದೊಂದು ರಾತ್ರಿ ಯಾರನ್ನೂ ಎಬ್ಬಿಸಬಾರದೆಂಬ ಅಭಿಮಾನದಿಂದ ಆಸರೆಯನ್ನು ಬಿಟ್ಟು ಗೋಡೆ ಹಿಡಿದು ಬಚ್ಚಲಿಗೆ ಹೊರಟೆವು. ಹೊಸ್ತಿಲಲ್ಲಿ ಕಾಲು ತಡವರಿಸಿತು. ಬಾಗಿಲ ಚೌಕಟ್ಟು ಕೈಗೆ ಸಿಕ್ಕದ್ದರಿಂದ ಬೀಳಲಿಲ್ಲ. ಬಿದ್ದಿದ್ದರೆ ಮಾಡಿದ್ದೆಲ್ಲ ಮಣ್ಣುಪಾಲಾಗುತ್ತಿತ್ತು. ಮರುದಿನ ಗೃಹಿಣಿಯು ಮಂಚದ ಹತ್ತಿರ ಒಂದು ಹಿತ್ತಾಳೆಯ ಗಂಟೆಯನ್ನು ಇಟ್ಟರು. ನಾವು ಅದನ್ನು ಬಾರಿಸಲು ನಾಚಿದೆವು. ಆದರೆ ನೀರನ್ನು ತಾನೇ ತಂದುಕೊಳ್ಳುವದು, ರಾತ್ರಿ ಏಳುವಾಗ ಸಹಾಯ ಕೇಳುವದು, ಎರಡೂ ಒಂದೇ ಪಾಠದ ಭಾಗಗಳೆಂದು ನಿಧಾನವಾಗಿ ತಿಳಿಯಿತು. ಅಲ್ಲಿಯವರೆಗೆ ನಾವು ಅವನ್ನು ತಿರುವುಮುರುವಾಗಿ ಮಾಡುತ್ತಿದ್ದೆವು.

ನಾಲ್ಕನೆಯ ವಾರದ ಕೊನೆಗೆ 78 ಅಂಶ, ಐದನೆಯದಕ್ಕೆ 87. ಆರನೆಯ ವಾರ ಪುನಃ ಬೆಳಗಾವಿಗೆ ಹೋದಾಗ ಕೋನಮಾಪಕವು 96 ತೋರಿಸಿತು; ಚಾಚುವಲ್ಲಿಯ ಕೊರತೆ 3 ಅಂಶಕ್ಕೆ ಇಳಿದಿತ್ತು. ಡಾಕ್ಟರರು, "ಇನ್ನು ಮೈಮರೆಸುವ ಮಾತು ಬೇಡ" ಎಂದರು. ಗೃಹಿಣಿಯು ಅಲ್ಲಿಯೇ ಸೆರಗಿನಿಂದ ಕಣ್ಣೊರಸಿಕೊಂಡರು. ಇಂದಿಗೆ 108 ಅಂಶ ಬಂದಿದೆ. ವಾಕರ್ ಹೋಗಿ ಕೋಲು ಬಂದಿದೆ. ಕೋಲನ್ನು ಶಸ್ತ್ರಕ್ರಿಯೆಯಾದ ಕಾಲಿನ ಕಡೆಗಲ್ಲ, ಎದುರುಗಡೆಯ ಕೈಯಲ್ಲಿ ಹಿಡಿಯಬೇಕು. ಮೆಟ್ಟಿಲು ಏರುವಾಗ ಗಟ್ಟಿಯಾದ ಕಾಲು ಮೊದಲು, ಇಳಿಯುವಾಗ ಶಸ್ತ್ರಕ್ರಿಯೆಯಾದ ಕಾಲು ಮೊದಲು.

ಇಷ್ಟಾದರೂ ಒಂದು ನಷ್ಟವನ್ನು ಹೇಳದಿದ್ದರೆ ವರದಿ ಪೂರ್ಣವಾಗದು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂಡುವದಕ್ಕೆ ಇದಕ್ಕಿಂತ ಬಹಳ ಹೆಚ್ಚು ಮಡಚಬೇಕು. ಅದು ಬಾರದಿದ್ದರೂ ಬಾರದಿರಬಹುದು. ಬಂದರೂ ನಿತ್ಯವೂ ಹಾಗೆ ಕೂಡುವದು ಬೇಡವೆಂದು ಡಾಕ್ಟರರ ಸಲಹೆ. ಮಣೆಯ ಮೇಲೆ ಕುಳಿತು ಪೂಜೆ, ಪಂಕ್ತಿಯಲ್ಲಿ ಕುಳಿತು ಊಟ, ಚಾಪೆಯ ಮೇಲೆ ಕುಳಿತು ಪಾಠ. ಇವೇ ನಮ್ಮ ಜೀವನವಾಗಿದ್ದವು. ಶಸ್ತ್ರಕ್ರಿಯೆಗೆ ಮೊದಲೂ ನೋವಿನಿಂದ ಇವೆಲ್ಲ ತಪ್ಪಿಹೋಗಿದ್ದವೆಂಬದು ನಿಜ. ಆದರೆ ಮುಂದೆ ಬರುವವೆಂಬ ಆಸೆಯೊಂದಿತ್ತು. ಆ ಆಸೆಯನ್ನು ಬಿಟ್ಟ ದಿನ ನಾವು ಊಟ ಮಾಡಲಿಲ್ಲ. ಮರುದಿನ ಎದ್ದು ನೋಡಿದರೆ ಗೃಹಿಣಿಯು ದೇವರ ಪೆಟ್ಟಿಗೆಯನ್ನು ಗೋಡೆಯ ಹಲಗೆಯ ಮೇಲೆ ಏರಿಸಿ ಎದುರಿಗೆ ಕುರ್ಚಿ ಹಾಕಿದ್ದರು. ಅಡಿಗೆಮನೆಯಲ್ಲಿ ಒಂದು ಸಣ್ಣ ಮೇಜು, ಎರಡು ಕುರ್ಚಿ. ಅಲ್ಲಿಯವರೆಗೆ ನಾವು ಮಂಚದ ಮೇಲೆ, ಅವರು ನೆಲದ ಮೇಲೆ ಬೇರೆ ಬೇರೆ ಉಣ್ಣುತ್ತಿದ್ದೆವು. ಮೇಜಿನ ಮೇಲೆ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು. "ಇದೂ ಪಂಕ್ತಿನೇ ಅಲ್ಲೇನ್ರಿ?" ಎಂದು ಅವರೂ ಕುರ್ಚಿಯ ಮೇಲೆ ಕುಳಿತರು. ಅಂದಿನಿಂದ ಆ ವಿಷಯದಲ್ಲಿ ನಾವು ದುಃಖಿಸಿಲ್ಲ.

ವಾಚಕರಲ್ಲಿ ಯಾರ ಮನೆಯಲ್ಲಾದರೂ ಈ ಶಸ್ತ್ರಕ್ರಿಯೆ ನಡೆಯುವದಿದ್ದರೆ ಕೆಲವು ಮಾತುಗಳನ್ನು ನೆನಪಿಡಲಿ. ರೋಗಿಯು ಮನೆಗೆ ಬರುವ ಮೊದಲೇ ನೆಲದ ಮೇಲಿನ ಸಡಿಲ ಜಮಖಾನೆಗಳನ್ನು ತೆಗೆಯಿರಿ, ಬಚ್ಚಲಿನಲ್ಲಿ ಹಿಡಿಕೆ ಹಾಕಿಸಿರಿ, ಕುರ್ಚಿಯಂತಹ ಶೌಚಾಸನವನ್ನು ಒದಗಿಸಿರಿ. ಮೊಣಕಾಲ ಕೆಳಗೆ ದಿಂಬು ಬೇಡ. ಕೊಟ್ಟ ಔಷಧಿಗಳನ್ನು, ಅದರಲ್ಲಿಯೂ ನೆತ್ತರು ಹೆಪ್ಪುಗಟ್ಟದಂತೆ ಕೊಟ್ಟದ್ದನ್ನು, ಹೇಳಿದಷ್ಟು ದಿನ ತಪ್ಪದೆ ಕೊಡಿರಿ. ಗಾಯದಿಂದ ಕೀವು ಅಥವಾ ನೀರು ಒಸರಿದರೆ, ಕೆಂಪು ಹೆಚ್ಚುತ್ತ ಹೋದರೆ, ಜ್ವರ ಬಂದರೆ, ಮೀನಖಂಡದಲ್ಲಿ ಹೊಸದಾಗಿ ನೋವು-ಬಾವು ಕಂಡರೆ, ತಡಮಾಡದೆ ಡಾಕ್ಟರರಿಗೆ ತಿಳಿಸಿರಿ. ಒಮ್ಮೆಲೆ ಏದುಸಿರು ಅಥವಾ ಎದೆನೋವು ಬಂದರೆ ಒಂದು ಕ್ಷಣವೂ ಕಾಯದೆ ದವಾಖಾನೆಗೆ ಒಯ್ಯಿರಿ. ಉಳಿದದ್ದಕ್ಕೆಲ್ಲ ಐದು ಕರ್ಮಗಳೇ ಮದ್ದು. ರೋಗಿಯು ಸುಳ್ಳು ಹೇಳದಂತೆ ಎಣಿಸಲು ಒಂದು ಮಗುವನ್ನು ನೇಮಿಸಿರಿ.

ಕಳೆದ ವಾರ ಸಂಜೆ ಮೊಮ್ಮಗಳ ಜೊತೆಗೆ ಕೋಲೂರಿ ರಾಣಿ ಚೆನ್ನಮ್ಮನ ಸಮಾಧಿಯವರೆಗೆ ನಡೆದು ಹೋದೆವು. ಸೆರೆಯಲ್ಲಿದ್ದು 1829ರಲ್ಲಿ ಇದೇ ಊರಲ್ಲಿ ಕಾಲವಾದ ಆ ತಾಯಿಯ ಎದುರಿಗೆ ನಮ್ಮ ಕೆಲವು ವಾರಗಳ ಬಂಧನವು ಯಾವ ಲೆಕ್ಕದ್ದು! ಸಮಾಧಿಗೆ ಕೈಮುಗಿದು ಹತ್ತಿರದ ಕಟ್ಟೆಯ ಮೇಲೆ ಕುಳಿತೆವು. ಏಳುವಾಗ ಯಾರ ಕೈಯನ್ನೂ ಹಿಡಿಯಲಿಲ್ಲ. ಮೊಮ್ಮಗಳು ಚೀಲದಿಂದ ವಹಿಯನ್ನು ತೆಗೆದು ಗಮನದ ಸಾಲಿನಲ್ಲಿ ಏನು ಬರೆಯಲೆಂದು ಕೇಳಿದಳು. "ನೀನು ನೋಡಿದ್ದನ್ನು ಬರೆ" ಎಂದೆವು. ಅವಳು ಸ್ವಲ್ಪ ವಿಚಾರ ಮಾಡಿ, "ಮನೆಯಿಂದ ಸಮಾಧಿಗೆ, ನಡುವೆ ಎರಡು ಸಲ ನಿಂತ" ಎಂದು ಬರೆದಳು. ನಾವು ಒಂದೇ ಸಲ ನಿಂತೆವೆಂದು ನಮ್ಮ ನೆನಪು. ಆದರೆ ತಿದ್ದಲಿಲ್ಲ.